ಷಡ್ಡಕರ ಇಲ್ಲದ ಮ್ಯೂಸಿಕ್ ಹಾಲ್

ಇಲ್ಲದ ಕಟ್ಟಡವನ್ನು ಪ್ರೀತಿಸಿ ನನ್ನ ಸಂಸಾರಕ್ಕೆ ಹುಳಿ ಹಿಂಡಿದ ಗಂಡಸು ಜಗತ್ತಿನಲ್ಲಿ ಒಬ್ಬರೇ: ನಮ್ಮ ಷಡ್ಡಕರು, ನನ್ನ ಹೆಂಡತಿಯ ಅಕ್ಕನ ಗಂಡ. ಡೆಟ್ರಾಯಿಟ್ ಪಕ್ಕದ ಆನ್ ಆರ್ಬರಿನಲ್ಲಿ ದೊಡ್ಡ ಡಾಕ್ಟರು. ನಾನೋ, ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಅಲ್ಲಿಂದ ನಾಲ್ಕು ಗಂಟೆ ದಾರಿಯ ಬೋಲಿಂಗ್‌ಬ್ರೂಕಿನಲ್ಲಿ ಮನೆಗಳಿಗೆ ಮರದ ನೆಲ ಹಾಸಿ ಸ್ವಂತ ವ್ಯಾನು ಕೊಂಡವನು. ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ತಗ್ಗಿಸಿದರೆ ನೆಲದ ಮಟ್ಟ ನೋಡಲಿಕ್ಕೆ ಮಾತ್ರ.

ಊರಿನಿಂದ ಯಾರೇ ಬರಲಿ, ಷಡ್ಡಕರು ನಯಾಗರಾ ಬಿಟ್ಟು ಡೆಟ್ರಾಯಿಟಿನ ಒಂದು ಪಾರ್ಕಿಂಗ್ ಲಾಟಿಗೆ ಕರೆದೊಯ್ಯುತ್ತಾರೆ. ಅಲ್ಲಿ ಹಿಂದೆ ಮ್ಯೂಸಿಕ್ ಹಾಲ್ ಇತ್ತಂತೆ. ಎರಡನೇ ಮಹಾಯುದ್ಧಕ್ಕೆ ಹೊರಟ ಹುಡುಗರು ಅಲ್ಲಿ ಕುಣಿದು ಹೋಗುತ್ತಿದ್ದರಂತೆ.

"ಅತ್ತೆ, ಸ್ವಲ್ಪ ಈಚೆ ಬನ್ನಿ. ನೀವು ಸ್ಟೇಜ್ ಮೇಲೆ ನಿಂತಿದೀರಿ," ಎಂದರು ಷಡ್ಡಕರು, ಊರಿನಿಂದ ಬಂದಿದ್ದ ನಮ್ಮತ್ತೆಗೆ.

ನಮ್ಮತ್ತೆ ಅಲ್ಲಿ ನಿಲ್ಲಿಸಿದ್ದ ಟ್ರಕ್ಕೊಂದರ ಪಕ್ಕದಿಂದ ಸರಿದು, ಆ ಚಳಿಯಲ್ಲಿ ಚಪ್ಪಲಿ ಬಿಟ್ಟು ಟಾರಿಗೆ ನಮಸ್ಕರಿಸಿದರು.

"ಭಾವನಿಗೆ ಎಷ್ಟು ರಸಿಕತೆ ನೋಡ್ರೀ," ಎಂದಳು ನನ್ನ ಹೆಂಡತಿ.

"ನಾಲ್ಕು ಗಂಟೆ ಡ್ರೈವ್ ಮಾಡಿದ್ದು ನಾನು ಕಣೇ."

ಕೇಳಿಸಲಿಲ್ಲ. ಷಡ್ಡಕರು ಹೇಳಿಕೊಟ್ಟ ಯುದ್ಧಕಾಲದ ಹಾಡನ್ನೇ ದಾರಿಯುದ್ದಕ್ಕೂ ಗುನುಗಿದಳು. ಅದೂ ನನ್ನ ವ್ಯಾನಿನಲ್ಲಿ ಕೂತು!

ಒಂದು ದಿನ ಷಡ್ಡಕರ ಫೋನು. "ಹಾಲ್ ಕೆಡವಿದಾಗ ಕಿತ್ತ ನೆಲದ ಹಲಗೆ ಸಿಕ್ಕಿದೆ. ನಮ್ಮ ಪಕ್ಕದ್ಮನೆ ಅಜ್ಜಿ ಅಲ್ಲಿ ಹಾಡ್ತಿದ್ದೋರು. ಈಗ ಕಣ್ಣು ಕಾಣ್ಸಲ್ಲ. ಮಗನ ಊರಿಗೆ ಹೋಗೋಕೆ ಮುಂಚೆ ಆ ನೆಲದ ಸದ್ದು ಒಂದ್ಸಲ ಕೇಳ್ಬೇಕಂತೆ. ನೀವೇ ಬಂದು ನಮ್ಮನೆ ಕೆಳಗಿನ ಬೇಸ್‌ಮೆಂಟಲ್ಲಿ ಹಾಸಬೇಕು."

ಹೆಂಡತಿಯನ್ನೂ ಕೂರಿಸಿಕೊಂಡು ಹೋದೆ. ಪ್ರೀತಿಯಿಂದಲ್ಲ, ಬೇರೆ ಯಾರೋ ಹಾಸಿ ಹೊಗಳಿಸಿಕೊಂಡರೆ?

ಬೇಸ್‌ಮೆಂಟ್ ಸಿದ್ಧವಾಯಿತು, ಅಜ್ಜಿ ಬಂದರು. ಅತ್ತಿಗೆಯ, ಅಂದರೆ ನನ್ನ ಹೆಂಡತಿಯ ಅಕ್ಕನ, ಮನೆಯಲ್ಲಿ ಕಾನೂನು ಎಲ್ಲರಿಗೂ ಒಂದೇ: ಶೂ ಬಾಗಿಲಲ್ಲಿ. ಕಾಲುಚೀಲದಲ್ಲೇ ನಿಂತು ಅಜ್ಜಿ ಹಾಡು ತೆಗೆದರು. ಷಡ್ಡಕರು ಕಾಲುಚೀಲದಲ್ಲೇ ತಾಳ ಹಾಕಿದರು. ಬೆಕ್ಕು ನಡೆದಷ್ಟೂ ಸದ್ದಿಲ್ಲ.

ಅಜ್ಜಿ ಹಾಡು ನಿಲ್ಲಿಸಿದರು. "ಇದು ಆ ನೆಲ ಅಲ್ಲ."

ಷಡ್ಡಕರ ಮುಖ ಇಳಿಯಿತು. ಅತ್ತಿಗೆ ಮೇಲೆ ಹೋಗಿ, ಎಲ್ಲರ ಶೂಗಳನ್ನೂ ಎದೆಗವಚಿಕೊಂಡು ತಂದು ಸುರಿದರು. ಷಡ್ಡಕರು ಮಂಡಿಯೂರಿ ಅಜ್ಜಿಗೆ ಲೇಸು ಕಟ್ಟಿದರು. ನನ್ನ ಹೆಂಡತಿ ನನ್ನ ಕೆಲಸದ ಬೂಟು ಮುಂದಿಟ್ಟು, "ಬನ್ರೀ," ಎಂದು ಕೈ ಹಿಡಿದಳು.

ಕುಣಿತ ಇಬ್ಬರಿಗೂ ಬಾರದು. ಸುಮ್ಮನೆ ಹೆಜ್ಜೆ ಕುಟ್ಟಿದೆವು. ಹಲಗೆ ಗುಡುಗಿತು. ಅಜ್ಜಿ ಮತ್ತೆ ಹಾಡಿದರು. ಎದುರಿಲ್ಲದ ಯಾರದೋ ಹೆಗಲ ಮೇಲೆಂಬಂತೆ ಅವರ ಕೈ ಗಾಳಿಯಲ್ಲಿತ್ತು.

ಈಗಲಾದರೂ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಾರೆಂದು ಷಡ್ಡಕರತ್ತ ತಿರುಗಿದೆ. ಅವರು ಶೂ ಹಾಕಿಕೊಳ್ಳುವುದನ್ನೇ ಮರೆತು, ಗೋಡೆಗೊರಗಿ ಮಗುವಿನಂತೆ ಅಳುತ್ತಿದ್ದರು.

ಅವರ ಶೂ ಹುಡುಕಿ ತಂದು ಕಾಲ ಬಳಿ ಇಟ್ಟೆ. "ಬನ್ನಿ ಷಡ್ಡಕರೇ. ನಿಮ್ಮ ಹಾಲ್ ಬಾಗಿಲು ತೆಗೆದಿದೆ."