ಲೆಕ್ಕ ಹಾಕಿದರೂ ಹೊಡೆಯುವ ಕರೆಂಟು

ಕರೆಂಟು ಮುಟ್ಟಿದರೆ ಹೊಡೆಯುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಲೆಕ್ಕ ಹಾಕಿದರೂ ಹೊಡೆಯುತ್ತದೆ ಅಂತ ನನಗೆ ಗೊತ್ತಾಗಿದ್ದು, ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ತುರುವೇಕೆರೆಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಡಂ ಆಗಿ ಹೋದ ಮೇಲೆ. ಸಾವಿರ ವ್ಯಾಟಿನದು ಒಂದು ಗಂಟೆ ಓಡಿದರೆ ಒಂದು ಯೂನಿಟ್ಟು. ನಾನು ಹೇಳಿಕೊಡುತ್ತಿದ್ದುದು ಇಷ್ಟೇ. ಪ್ರತಿ ವರ್ಷ ಆ ಪಾಠ ಮುಗಿದ ವಾರ ಊರಲ್ಲಿ ಯಾರಿಗಾದರೂ ಎದೆ ಧಸಕ್ಕೆನ್ನುತ್ತಿತ್ತು.

ಬಚ್ಚಲಿನ ರಾಡು

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ತೆಂಗಿನ ತೋಟದವರು. ಅವರಿಗೂ ನನಗೂ ಒಂದೇ ಮೀಟರು. ಬಿಲ್ಲು ಜಾಸ್ತಿ ಬಂದ ತಿಂಗಳು ನನ್ನ ಬಾಗಿಲಿಗೆ ಬಂದು, ನೀವು ರಾತ್ರಿ ಬಹಳ ಓದ್ತೀರಿ ಅಂದರು. ನಾನು ಕಾಗದ ತಂದು ಅವರೆದುರೇ ಲೆಕ್ಕ ಹಾಕಿದೆ. ನೀರು ಕಾಯಿಸಲು ಅವರು ತಿಪಟೂರಿನಿಂದ ತಂದಿದ್ದ ರಾಡು ಸಾವಿರ ವ್ಯಾಟಿನದು, ದಿನಾ ಒಂದು ಗಂಟೆ. ನನ್ನ ಬಲ್ಬು ನಲವತ್ತು ವ್ಯಾಟಿನದು. ಅವರ ಒಂದು ದಿನದ ಸ್ನಾನದ ಕರೆಂಟಿನಲ್ಲಿ ನಾನು ಇಪ್ಪತ್ತೈದು ಗಂಟೆ ಓದಬಹುದಿತ್ತು.

ಅವರು ಜಗಲಿ ಮೇಲೆ ಕುಸಿದು ಕೂತರು. ತೋಟದಲ್ಲಿ ಮಟ್ಟೆ ರಾಶಿ ಬಿದ್ದು ಕೊಳೀತಿದೆ, ನಾನು ದುಡ್ಡು ಕೊಟ್ಟು ನೀರು ಕಾಯಿಸ್ತಿದೀನಲ್ಲ ಅಂತ ಹಲುಬಿದರು. ಮಾರನೇ ದಿನವೇ ಬಚ್ಚಲೊಲೆಯಲ್ಲಿ ಹೊಗೆ ಎದ್ದಿತು. ಸಂಜೆ ರಾಡು ಹಿಡಿದು ಬಂದರು.

"ಇದನ್ನ ನೀವೇ ತಗೊಳ್ಳಿ ಮೇಡಂ, ಅರ್ಧ ರೇಟಿಗೆ ಕೊಡ್ತೀನಿ. ಮೀಟ್ರು ಮಾತ್ರ ಬೇರೆ ಹಾಕಿಸ್ಕೊಳ್ಳಿ."

ಒಂದೂವರೆ ಪೈಸೆ

ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅತ್ತಿಗೆ ತವರಿನಿಂದ ಮಿಕ್ಸಿ ತಂದಿದ್ದಳು. ಹುಡುಗಿಯ ತಾಯಿ ಅದಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದರು. ಅದು ಕರೆಂಟು ನುಂಗುತ್ತದೆ ಅಂತ ಭಯ. ಮಗಳು ಹಾಕಿದ ಲೆಕ್ಕವನ್ನು ನಂಬದೆ ನನ್ನನ್ನೇ ಕರೆಸಿದರು. ನಾನೂ ಹಾಕಿದೆ. ಮಿಕ್ಸಿ ನಾನೂರೈವತ್ತು ವ್ಯಾಟಿನದು, ಚಟ್ನಿಗೆ ನಾಲ್ಕು ನಿಮಿಷ. ಯೂನಿಟ್ಟಿಗೆ ಐವತ್ತು ಪೈಸೆ ಅಂತ ಹಿಡಿದರೂ ಒಂದೂವರೆ ಬರುತ್ತದೆ ಅಂದೆ. ರೂಪಾಯಾ ಅಂದರು. ಪೈಸೆ ಅಂದೆ.

ಅವರು ಮೂಲೆಯ ರುಬ್ಬುವ ಕಲ್ಲನ್ನೇ ನೋಡುತ್ತಾ ಬಲಭುಜ ನೀವಿಕೊಂಡರು. "ಮೂವತ್ತು ವರ್ಷ ರುಬ್ಬಿವ್ನಿ ಕಣಮ್ಮ," ಅಂದರು. ಆಮೇಲೆ ತಾವೇ ಮಿಕ್ಸಿ ಇಳಿಸಿ ಬಟ್ಟೆ ಬಿಚ್ಚಿದರು. ಸೊಸೆ ಸಂತೋಷದಿಂದ ಕೈ ಹಾಕಲು ಬಂದಳು. ಅತ್ತೆ ತಡೆದರು.

"ಮೊದ್ಲು ನನ್ನ ಮೂವತ್ತು ವರ್ಷ ತೀರ್ಲಿ. ಅಲ್ಲೀವರ್ಗೂ ನೀನು ಕಲ್ಲಲ್ಲೇ ರುಬ್ಬು."

ನಿಲ್ಲದ ಮೀಟರು

ಒಂದು ವರ್ಷ ನಮ್ಮ ಶಾಲೆಯ ಬಿಲ್ಲೇ ಏರತೊಡಗಿತು. ನಮ್ಮ ಹೆಡ್‌ಮಾಸ್ಟರು ಬಲು ಶಿಸ್ತಿನವರು, ಸೀಮೆಸುಣ್ಣದ ತುಂಡನ್ನೂ ಎಣಿಸಿ ಕೊಡುವವರು. ನನ್ನಿಂದ ಲೆಕ್ಕ ಹಾಕಿಸಿದರು. ಇದ್ದ ಬಲ್ಬು, ಫ್ಯಾನು ಎಲ್ಲ ಸೇರಿಸಿದರೂ ಬಿಲ್ಲಿನ ಕಾಲುಭಾಗ ದಾಟಲಿಲ್ಲ. ಮೀಟರೇ ಕೆಟ್ಟಿದೆ ಅಂತ ಅವರು ದೂರು ಬರೆದರು.

ಒಂದು ಬೆಳಿಗ್ಗೆ ಬೆಲ್ ಹೊಡೆಯುವ ಮುಂಚೆ ಲೈನ್‌ಮನ್ ಬಂದ. ಎಲ್ಲ ಸ್ವಿಚ್ಚು ಆರಿಸಲು ಹೇಳಿದ. ಆರಿಸಿದೆವು. ಮೀಟರಿನೊಳಗಿನ ಚಕ್ರ ಮಾತ್ರ ತಿರುಗುತ್ತಲೇ ಇತ್ತು.

"ಮೀಟ್ರು ಸರಿಯಾಗೈತೆ ಸಾರ್. ಯಾರೋ ಕದೀತಾವ್ರೆ," ಅಂದ.

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ತಮ್ಮ ಶಾಲೆಯಲ್ಲಿ ಕಳ್ಳತನವೇ, ಯಾರೇ ಆಗಲಿ ಪೊಲೀಸಿಗೆ ಕೊಡುತ್ತೇನೆ ಅನ್ನುತ್ತಾ ಒಂದೊಂದೇ ಕೋಣೆ ಹೊಕ್ಕರು. ನನ್ನ ಲ್ಯಾಬಿನ ಬೀರುವಿನ ಹಿಂದೆ, ನಾನೆಂದೂ ಕಾಣದ ಒಂದು ಕಪ್ಪು ವೈರು ಪ್ಲಗ್ಗಿಗೆ ಸಿಕ್ಕಿಕೊಂಡಿತ್ತು. ಹೆಡ್‌ಮಾಸ್ಟರು ನನ್ನನ್ನೇ ದುರುಗುಟ್ಟಿ ನೋಡಿದರು.

ಮೂವರೂ ವೈರಿನ ಹಿಂದೆ ಹೊರಟೆವು. ಅದು ಕಿಟಕಿ ದಾಟಿ, ಹಾಗಲಬಳ್ಳಿಯ ಒಳಗೆ ನುಸುಳಿ, ಕಾಂಪೌಂಡ್ ಹಾರಿ, ನೇರ ಹೆಡ್‌ಮಾಸ್ಟರ ಕ್ವಾರ್ಟರ್ಸಿನ ಅಡುಗೆಮನೆಗೆ ಹೋಗಿತ್ತು. ಒಳಗೆ ಅವರ ಹೆಂಡತಿ ಕರೆಂಟ್ ಒಲೆ ಮೇಲೆ ದೋಸೆ ಹುಯ್ಯುತ್ತಿದ್ದರು. ನಮ್ಮನ್ನು ನೋಡಿ, ಒಳ್ಳೇ ಹೊತ್ತಿಗೆ ಬಂದ್ರಿ, ಕೂತ್ಕೊಳ್ಳಿ ಅಂತ ತಟ್ಟೆ ಇಟ್ಟರು. ಲೈನ್‌ಮನ್ ನೆಲ ನೋಡತೊಡಗಿದ.

ಎರಡು ತಿಂಗಳ ಬಿಲ್ಲನ್ನು ಹೆಡ್‌ಮಾಸ್ಟರು ಕೈಯಿಂದ ಕಟ್ಟಿದರು, ಅದು ಆಮೇಲಿನ ಮಾತು. ಆಗ ಅವರ ಬಾಯಿಂದ ಹೊರಟಿದ್ದು ಏನೇ ಇದು ಅನ್ನುವಷ್ಟೇ. ಆಕೆ ದೋಸೆ ಮಗುಚುತ್ತಾ ಹೇಳಿದರು.

"ಈ ಒಲೆ ಎಷ್ಟು ತಿನ್ನುತ್ತೆ ಅಂತ ನೀವೇ ಲೆಕ್ಕ ಹಾಕಿ ತೋರಿಸಿದ್ರಲ್ರೀ. ಇನ್ಮೇಲೆ ನಮ್ಮ ಮನೆ ಮೀಟರಿನಲ್ಲಿ ಹಚ್ಚಕೂಡದು ಅಂದ್ರಿ. ಅವತ್ತಿಂದ ಒಂದು ದಿನಾನೂ ಹಚ್ಚಿಲ್ಲ."