ಪ್ಯಾಟನ್ ಖಾನಾವಳಿಯ ಚಕ್ರಗಣನಾ ಪ್ರಸಂಗ

ಗೆದ್ದಲು ತಿಂದುಳಿಸಿದ ಛಾಯಾಚಿತ್ರಗಳ ಮೂಲೆಗಳಲ್ಲಿ ನೆಲೆಸಿರುವ ಸ್ಮೃತಿದೇವತೆಯೇ, ಸಾಗರಗರ್ಭದಲ್ಲಿ ತುಕ್ಕಿನ ಕಂಬಳಿ ಹೊದ್ದು ಮಲಗಿರುವ ಸಮರನೌಕೆಗಳ ಕುಲಗೋತ್ರಗಳನ್ನು ಮುರಿದ ಹೊಗೆಕೊಳವೆಯೊಂದರ ಓರೆಯಿಂದಲೇ ಭಕ್ತರಿಗೆ ಹೊಳೆಯಿಸುವವಳೇ, ವೈರಿಯಿಂದ ಕಸಿದ ಉಕ್ಕಿನ ರಥಗಳ ಕೊರಳಿಗೆ ಹೆಸರಿನ ಚೀಟಿ ಕಟ್ಟುವವಳೇ, ಬಾ. ಬಂದು ಈ ಬೆಂಚಿನ ತುದಿಯಲ್ಲಿ ಕುಳಿತುಕೋ. ನಡುವೆ ಎಣ್ಣೆ ಚೆಲ್ಲಿದೆ. ಅಕ್ಷೌಹಿಣಿಗಳು ಉರುಳಿದ ಯುದ್ಧಗಳನ್ನು ಹಾಡಲು ಬೇರೆ ಕವಿಗಳಿದ್ದಾರೆ. ಗಾಲಿಯೊಂದಕ್ಕಾಗಿ ನಡೆದ ಯುದ್ಧ ನಮ್ಮ ಪಾಲಿಗೆ ಬಂದಿದೆ.

ಕೈಗೊಂದು ಮೊಬೈಲೂ ಮೊಬೈಲಿಗೊಂದು ಮಹಾಯುದ್ಧವೂ ಇದ್ದ ಕಾಲವದು. ಗದಗ ಪಟ್ಟಣದ ಹಳೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಜೋಳದ ಹಿಟ್ಟಿನ ಧೂಳೇ ಮಂಜಾಗಿ, ಒಲೆಯ ಹೊಗೆಯೇ ಮೇಘವಾಗಿ, ರೊಟ್ಟಿ ಬಡಿಯುವ ಸದ್ದೇ ರಣಭೇರಿಯಾಗಿ, ಪ್ಯಾಟನ್ ಖಾನಾವಳಿಯೆಂಬ ದುರ್ಗವು ಮೆರೆಯುತ್ತಿತ್ತು. ಅದನ್ನು ಕಟ್ಟಿದವನು ಹವಾಲ್ದಾರ ಅಡಿವೆಪ್ಪ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕ ವೈರಿಯ ಟ್ಯಾಂಕಿಗೆ ಒರಗಿ, ಅದರ ಪಟ್ಟಿಯ ಮೇಲೆ ಒಂದು ಬೂಟುಗಾಲನ್ನಿಟ್ಟು ತೆಗೆಸಿಕೊಂಡ ಛಾಯಾಚಿತ್ರವನ್ನು ಮಕ್ಕಳಿಗೆ ಬಿಟ್ಟು ಆತ ಶಿವನ ಪಾದ ಸೇರಿ ಬಹುಕಾಲವಾಗಿತ್ತು. ಗಲ್ಲಾದ ಮೇಲ್ಗಡೆ, ಒಗ್ಗರಣೆಯ ಜಿಡ್ಡೂ ಮಸಿಯೂ ಪದರಪದರವಾಗಿ ಮೆತ್ತಿದ ಗಾಜಿನ ಹಿಂದೆ ಆ ವೀರನು ಈಗಲೂ ಮೀಸೆ ತಿರುವುತ್ತಿದ್ದ. ಆ ಟ್ಯಾಂಕಿನ ಹೆಸರೆಂದೇ ‘ಪ್ಯಾಟನ್’ ಎಂಬುದು ಖಾನಾವಳಿಯ ಬಾಗಿಲ ಮೇಲೇರಿತ್ತು.

ದುರ್ಗದ ಅಧೀಶ್ವರಿ ಅವನ ಮಗಳು ಬಸಲಿಂಗವ್ವ. ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಆಕೆ ಅಂಗೈ ಬೀಸಿದಳೆಂದರೆ ಹಿಟ್ಟಿನುಂಡೆಯು ಭೀತಿಯಿಂದಲೇ ಪೂರ್ಣಚಂದ್ರನಾಗುತ್ತಿತ್ತು. ಆಕೆಯ ತಮ್ಮನ ಮಗಳು ದಾಕ್ಷಾಯಣಿ: ಇತಿಹಾಸದ ಪದವೀಧರೆ, ಗಲ್ಲಾದಲ್ಲಿ ಕೂರುವಾಕೆ, ನಮ್ಮ ಕಥಾನಾಯಕಿ. ಆ ಕೃಶಾಂಗಿಯ ದೋಷ ಒಂದೇ. ಅವಳ ಯಾವ ವಾಕ್ಯವೂ ಕ್ರಿಯಾಪದದ ತನಕ ಮುಟ್ಟುತ್ತಿರಲಿಲ್ಲ. ‘ಅತ್ತಿ, ನಾ ಏನ ಹೇಳಾಕ...’ ಎನ್ನುವಷ್ಟರಲ್ಲಿ ಯಾರೋ ಒಬ್ಬರು ಉಳಿದದ್ದನ್ನು ತಾವೇ ಹೇಳಿ, ತಾವೇ ಉತ್ತರಿಸಿ, ಎದ್ದು ಹೋಗಿರುತ್ತಿದ್ದರು.

ಆದರೆ ಅದೇ ದಾಕ್ಷಾಯಣಿ ಮೊಬೈಲಿನ ಗಾಜಿನೊಳಗೆ ರಣಚಂಡಿ! ಮುಳುಗಿದ ಯುದ್ಧನೌಕೆಗಳನ್ನೂ ಸೆರೆಸಿಕ್ಕ ಸೇನಾವಾಹನಗಳನ್ನೂ ಹಳೆಯ ಚಿತ್ರಗಳಿಂದ ಗುರುತು ಹಿಡಿಯುವ ದೇಶದೇಶಗಳ ಹುಚ್ಚರ ಗುಂಪೊಂದರಲ್ಲಿ ಅವಳ ಹೆಬ್ಬೆರಳು ಎದ್ದರೆ ಹಡಗುಗಳು ಎರಡನೆಯ ಸಲ ಮುಳುಗುತ್ತಿದ್ದವು. ನಾರ್ವೆಯ ನಿವೃತ್ತ ನಾವಿಕನೊಬ್ಬ ಅರ್ಧಮುಳುಗಿದ ನೌಕೆಯೊಂದಕ್ಕೆ ಅದೇ ಅಚ್ಚಿನ ಅಕ್ಕ-ನೌಕೆಯ ಹೆಸರಿಟ್ಟಾಗ, ಅದರ ಕಿಟಕಿಗಳ ಸಾಲು ತೋರಿಸಿ ಇದು ತಂಗಿ ಎಂದು ಸಾಧಿಸಿದವಳು ಇವಳೇ. ‘ಮಾನ್ಯರೇ, ತಾವು ಹೇಳಿದ್ದೇ ಸರಿ’ ಎಂದು ಆ ವೃದ್ಧ ಶರಣಾದ ದಿನ ಅವಳು ಗಲ್ಲಾದಲ್ಲಿ ಒಬ್ಬಳೇ ನಕ್ಕಳು. ಗಿರಾಕಿಯೊಬ್ಬ ತನ್ನ ಮೀಸೆಗೆ ಮೊಸರು ಹತ್ತಿದೆಯೇನೋ ಎಂದು ಒರೆಸಿಕೊಂಡ.

ಹೀಗಿರುತ್ತಿರಲು, ಖಾನಾವಳಿಯ ಬಣ್ಣಗೆಟ್ಟ ಬೋರ್ಡನ್ನು ಹೊಸದಾಗಿ ಬರೆಸುವ ಮಹಾಸಂಕಲ್ಪ ಬಸಲಿಂಗವ್ವನಿಗೆ ಉಂಟಾಯಿತು. ಕುಂಚಾಯುಧನೂ ಏಣಿವಾಹನನೂ ಆದ ಪೇಂಟರ್ ಮೌಲಾಸಾಬನು ಊಟದ ಹೊತ್ತಿಗೆ ಸರಿಯಾಗಿ ಏಣಿಯೇರಿ, ಹಳದಿಯ ನೆಲದ ಮೇಲೆ ಕೆಂಪು ಬಣ್ಣದಲ್ಲಿ ‘ಪ್ಯಾ’ ಎಂದು ಬರೆದು, ತಲೆ ಓರೆ ಮಾಡಿ ತನ್ನ ಕೃತಿಯನ್ನು ತಾನೇ ಮೆಚ್ಚುತ್ತ ನಿಂತ.

ದಾಕ್ಷಾಯಣಿಯ ಎದೆಯಲ್ಲಿ ಸಪ್ತಸಾಗರಗಳು ಉಕ್ಕಿದವು. ಆ ಟ್ಯಾಂಕು ಪ್ಯಾಟನ್ ಅಲ್ಲವೆಂದು ಅವಳಿಗೆ ಎಂದೋ ಗೊತ್ತಾಗಿತ್ತು. ಇಂದು ಹೇಳದಿದ್ದರೆ ಈ ಅಕ್ಷರಗಳು ಅವಳ ಕೂದಲು ನರೆಯುವ ತನಕ ಬಾಗಿಲ ಮೇಲಿರುತ್ತವೆ. ಈ ಮನೆಯಲ್ಲಿ ಅವಳದೆಂಬ ಒಂದು ಮಾತೂ ನಿಲ್ಲದೆ ಹೋಗುತ್ತದೆ. ಅವಳು ಎದ್ದಳು. ಗಲ್ಲಾದ ಕುರ್ಚಿ ಕಿರುಗುಟ್ಟಿತು.

“ಅತ್ತಿ, ಅದು ಪ್ಯಾಟನ್ ಅಲ್ಲ.”

ವಾಕ್ಯ ಪೂರ್ಣವಾಗಿತ್ತು! ರೊಟ್ಟಿಯ ಸದ್ದು ನಿಂತಿತು.

“ಏನಂದಿ?”

“ಫೋಟೋದಾಗಿನ ಟ್ಯಾಂಕು. ಅದು ಚಾಫಿ.”

“ಚಾ ಬೇಕೋ ಕಾಫಿ ಬೇಕೋ, ಬಿಡಿಸಿ ಹೇಳು. ರೊಟ್ಟಿ ಹೊತ್ತಿನ್ಯಾಗ ಎರಡೂ ಇಲ್ಲ.”

“ಕುಡಿಯೂದಲ್ಲ ಅತ್ತಿ. ಟ್ಯಾಂಕಿನ ಹೆಸರು. ಪ್ಯಾಟನ್ ದೊಡ್ಡದು, ಚಾಫಿ ಸಣ್ಣದು.”

ಮೂಲೆಯ ಮೇಜಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಹುಚ್ಚೀರಪ್ಪನೆಂಬ ನಿತ್ಯಭೋಜಿಯು ತುತ್ತನ್ನು ನಡುದಾರಿಯಲ್ಲಿ ನಿಲ್ಲಿಸಿದ. “ಚಾಫಿ ಖಾನಾವಳಿ! ಭಾರಿ ಹೆಸರು ತಂಗಿ. ಉಣ್ಣಾಕ ಬಂದಾವ್ರೆಲ್ಲ ಕಪ್ಪು-ಬಸಿ ಕೇಳ್ತಾರ ತಗಿ.”

ಆಗ ಬಸಲಿಂಗವ್ವನು ಹಿಟ್ಟುಗೈಗಳನ್ನು ಸೊಂಟದ ಮೇಲಿರಿಸಿ ವೀರಾಲಾಪಗೈದಳು. ಕವಿಗಳ ನುಡಿಯಲ್ಲಿ ಅದು ಹೀಗಿದ್ದೀತು: ‘ಎಲೌ ಬಾಲೆ, ಯಾರ ಭುಜಪರಾಕ್ರಮದಿಂದ ವೈರಿಯ ವಜ್ರಕವಚಗಳು ಹಪ್ಪಳದಂತೆ ಮುರಿದವೋ, ಅಂಥ ಶೂರಶಿಖಾಮಣಿಯ ಕೀರ್ತಿಪತಾಕೆಗೆ ನಿನ್ನ ಅಂಗೈಯಗಲದ ಯಂತ್ರದಿಂದ ತೂತು ಕೊರೆಯುವೆಯಾ?’ ಆಕೆಯ ನುಡಿಯಲ್ಲಿ ಅದು ಹೀಗಿತ್ತು:

“ನಿನ್ನೆ ಮೊನ್ನೆ ಹಾಲಹಲ್ಲು ಉದುರಿದಾಕಿ ನೀನು, ನಮ್ಮಪ್ಪನ ಟ್ಯಾಂಕಿಗೆ ಹೆಸರು ಇಡಾಕ ಬಂದಿ? ಅದೇನು ನಿನ್ನ ಕೂಸಾ? ಊರಿಗೆ ಊರಽ ಪ್ಯಾಟನ್ ಅಡಿವೆಪ್ಪ ಅಂತಿತ್ತು. ಆ ಡಬ್ಬಿ ನೋಡಿ ನೋಡಿ ಕಣ್ಣಷ್ಟಽ ಹೋಗ್ಯಾವ ಅಂದ್ಕೊಂಡಿದ್ದೆ, ಬುದ್ಧಿನೂ ಹೋತು!”

ಇಂಥ ಸಿಂಹನಾದಕ್ಕೆ ಬೇರೆ ದಿನವಾಗಿದ್ದರೆ ದಾಕ್ಷಾಯಣಿ ಗಲ್ಲಾದ ಡ್ರಾಯರಿನೊಳಗೇ ಅಡಗುತ್ತಿದ್ದಳು. ಇಂದು ಮಾತ್ರ ನಾರ್ವೆಯ ನಾವಿಕನನ್ನು ಮಣಿಸಿದ ಬೆರಳು ಛಾಯಾಚಿತ್ರದತ್ತ ಚಾಚಿತು.

“ನೋಡ್ರಿ ಅತ್ತಿ, ಅದರ ತೋಪಿನ ಕೊಳವಿ ಎಷ್ಟ ಸಣ್ಣದೈತಿ. ಪ್ಯಾಟನ್ ಬಾಜೂಕ ನಿಂತಿದ್ರ ಅಜ್ಜ ಗೊಂಬಿಯಂಗ ಕಾಣ್ತಿದ್ದ. ಮತ್ತ ಅಜ್ಜ ಇದ್ದದ್ದು ಬಂಗಾಲದ ಕಡೆ, ಅಲ್ಲಿ ಅವರು ತಂದದ್ದು ಚಾಫಿ. ಬೇಕಾದ್ರ ಗಾಲಿ ಎಣಸ್ರಿ. ಒಂದು ಮಗ್ಗಲಾಗ ಪ್ಯಾಟನ್‌ಗೆ ಆರು ಗಾಲಿ. ಚಾಫಿಗೆ ಐದಽ.”

ಅಯ್ಯೋ! ರಣೋತ್ಸಾಹದಲ್ಲಿ ತನ್ನ ಬತ್ತಳಿಕೆಯ ಪರಮಾಸ್ತ್ರವನ್ನು ತಾನೇ ವೈರಿಯ ಕೈಗೆ ನೀಡಿದಳಲ್ಲ! ಹುಚ್ಚೀರಪ್ಪ ಎದ್ದುಬಂದು, ಕನ್ನಡಕವನ್ನು ಹಣೆಗೇರಿಸಿ, ಟಿಕೆಟ್ಟಿಲ್ಲದ ಪ್ರಯಾಣಿಕರನ್ನು ಹಿಡಿಯುವ ಗತ್ತಿನಲ್ಲಿ ಎಣಿಸಿದ.

“ಒಂದ... ಎರಡ... ಮೂರ... ನಾಕ... ಐದ...” ಬೆರಳು ಬೂಟುಗಾಲಿನ ಪಕ್ಕಕ್ಕೆ ಸರಿಯಿತು. “ಆರು!”

“ಆರು!” ಎಂದಳು ಬಸಲಿಂಗವ್ವ.

“ಆರಂತ!” ಎಂದ ಏಣಿಯ ಮೇಲಿನ ಮೌಲಾಸಾಬ, ಆಕಾಶವಾಣಿಯಂತೆ.

ದಾಕ್ಷಾಯಣಿಯ ಮೊಬೈಲಿನ ಚಿತ್ರದಲ್ಲಿ ಆ ಮೂಲೆಗೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಿಳಿಚಿಕೊಂಡಿತ್ತು. ಅವಳು ಕಂಡದ್ದು ಐದೇ. ಈಗ ಕತ್ತೆತ್ತಿ ನೋಡಿದರೆ, ಹೌದು, ಆರನೆಯದು ಅಲ್ಲಿದೆ! ದುಂಡಗೆ, ಕಪ್ಪಗೆ, ನಿರ್ದಯವಾಗಿ ಇದೆ. ತೂತು ಬಿದ್ದ ನೌಕೆಯಂತೆ ಅವಳು ಮೊದಲು ಒಂದು ಪಕ್ಕಕ್ಕೆ ವಾಲಿದಳು, ಬಳಿಕ ನೇರವಾಗಿ ಇಳಿಯತೊಡಗಿದಳು. ಕುರ್ಚಿ ಇನ್ನೇನು ತಾಗಬೇಕು.

“ಮುಂದಿನ ಅಕ್ಷರ ಹೊಡೀಲ್ರ್ಯಾ ಬಾಯಾರ?” ಮೌಲಾಸಾಬ ಕೇಳಿದ. “ಬಣ್ಣ ಒಣಗಾಕತ್ತೈತಿ.”

“ಹೊಡಿ ಸಾಬ. ಈಕಿ ಮಾತೇನ ಕೇಳ್ತಿ.”

ಆ ಕೊನೆಯ ಮಾತೇ ಚಾವಟಿಯಾಯಿತು. ದಾಕ್ಷಾಯಣಿ ಕೂರಲಿಲ್ಲ. ಆರನೆಯ ಗಾಲಿಯನ್ನೇ ದಿಟ್ಟಿಸಿದಳು. ಉಳಿದೈದಕ್ಕೂ ನಡುವೆ ಗುಬುಟು ಇತ್ತು, ಸುತ್ತ ಅಂಚಿತ್ತು. ಇದಕ್ಕೆ ಅದೂ ಇಲ್ಲ, ಇದೂ ಇಲ್ಲ. ಇದು ಉರುಳುವ ಗಾಲಿಯ ಹಾಗಿರದೆ ಸುಮ್ಮನೆ ಕುಳಿತ ಗಾಲಿಯ ಹಾಗಿತ್ತು.

“ತಡಿ ಮೌಲಾಸಾಬ. ಫೋಟೋ ಇಳಸ್ತೀನಿ.”

“ಮುಟ್ಟಬ್ಯಾಡ! ನಮ್ಮಪ್ಪನ ಫೋಟೋ ಅದು!”

“ನನಗೂ ಅಜ್ಜ ಆಗಬೇಕಲ್ಲ ಅತ್ತಿ,” ಎಂದವಳು ಕುರ್ಚಿಯ ಮೇಲೆ ಹತ್ತಿಯೇಬಿಟ್ಟಳು. ಅಡಿವೆಪ್ಪನು ದಶಕಗಳ ಬಳಿಕ ಗೋಡೆಯಿಂದಿಳಿದು, ಉಪ್ಪಿನಕಾಯಿಯ ಭರಣಿಗೂ ನೀರಿನ ತಂಬಿಗೆಗೂ ನಡುವೆ ಮೇಜಿನ ಮೇಲೆ ಅಂಗಾತ ಮಲಗಿದ. ಉಣ್ಣುತ್ತಿದ್ದವರು ಎಡಗೈಯಲ್ಲಿ ತಾಟು ಹಿಡಿದುಕೊಂಡೇ ಸುತ್ತುವರಿದರು. ದಾಕ್ಷಾಯಣಿಯು ಒದ್ದೆಬಟ್ಟೆಯಿಂದ ಜಿಡ್ಡಿನ ಯುಗಯುಗಾಂತರಗಳನ್ನು ಸರಿಸುತ್ತ ಹೋದಳು. ಮುಖ ಬೆಳಗಿತು, ಬೂಟು ಬೆಳಗಿತು. ಒಂದನೆಯ ಗಾಲಿಯಿಂದ ಐದನೆಯದರ ತನಕ ಎಲ್ಲವೂ ಬೆಳಗಿದವು. ಆರನೆಯದರ ಮೇಲೆ ಬಟ್ಟೆ ಹಾಯಿತು.

ಆರನೆಯ ಗಾಲಿ ಟ್ಯಾಂಕನ್ನು ಬಿಟ್ಟು ಅವಳ ಬೆರಳಿಗೆ ಅಂಟಿಕೊಂಡು ಬಂತು.

ಎಲ್ಲರೂ ಬಗ್ಗಿ ನೋಡಿದರು. ಮೌಲಾಸಾಬನೂ ಏಣಿ ಇಳಿದುಬಂದು ನೋಡಿದ. ಅದೊಂದು ಟಿಕಳಿ. ಹಣೆಗೆ ಅಂಟಿಸಿಕೊಳ್ಳುವ, ಮೆರೂನು ಬಣ್ಣದ, ದೊಡ್ಡ ನಮೂನೆಯ ಟಿಕಳಿ.

“ಅಯ್ಯ ಶಿವನ!” ಬಸಲಿಂಗವ್ವನ ಕೈ ತಾನಾಗಿ ಹಣೆಗೆ ಹೋಯಿತು, ಅಲ್ಲಿ ಅದರ ಕಿರಿಯ ತಂಗಿಯೊಂದು ಕುಳಿತಿತ್ತು. “ಇದು ನಂದಽ. ಸುಣ್ಣ ಹಚ್ಚಾಕ ಫೋಟೋ ಇಳಿಸಿದ್ದಾಗ ಮಾರಿ ತೊಳ್ಕೊಂಡೆ ನೋಡು. ಎಲ್ಲಿ ಹಚ್ಚಿದೆ ಅಂತ ಮನಿ ತುಂಬ ಹುಡುಕಿದ್ದೆ.”

“ಭೇಷ್ ಬಸಲಿಂಗವ್ವ!” ಹುಚ್ಚೀರಪ್ಪ ತಾಟು ತಟ್ಟಿದ. “ಅಪ್ಪ ವೈರಿಯ ಟ್ಯಾಂಕ್ ಹಿಡಿದ, ಮಗಳು ಅದಕ್ಕ ಸ್ಟೆಪ್ನಿ ಹಾಕಿ ಕೊಟ್ಟಳು!”

ನಗೆಯ ಅಲೆ ಎದ್ದು ಮಾಡಿನ ತಗಡಿಗೆ ಬಡಿಯಿತು. ಬಸಲಿಂಗವ್ವ ಮಾತ್ರ ನಗಲಿಲ್ಲ. ಚೌಕಟ್ಟನ್ನು ಎದೆಗೆಳೆದುಕೊಂಡು, ಸೆರಗಿನಿಂದ ತಂದೆಯ ಮುಖವನ್ನು ಇನ್ನೊಮ್ಮೆ ಒರೆಸಿದಳು. ಸ್ವಚ್ಛವಾದ ಗಾಜಿನೊಳಗೆ ಅವನು ಆಕೆ ನೆನೆದದ್ದಕ್ಕಿಂತ ಚಿಕ್ಕವನಾಗಿದ್ದ; ಮಸಿ ಹೋದ ಮೇಲೆ ನೋಡಿದರೆ ಮೀಸೆ ಸರಿಯಾಗಿ ಮೂಡಿರಲೂ ಇಲ್ಲ.

“ಹಂಗಾದ್ರ ನಮ್ಮಪ್ಪ ಸುಳ್ಳ ಹೇಳಿದ್ನೇನ ದಾಕ್ಷಿ?”

ಗೆದ್ದ ವೀರರು ಇಂಥ ಗಳಿಗೆಯಲ್ಲಿ ಶಂಖವೂದುತ್ತಾರೆ. ದಾಕ್ಷಾಯಣಿ ಒದ್ದೆಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟಳು.

“ಅಜ್ಜ ಎಂದೂ ಪ್ಯಾಟನ್ ಅಂದಿಲ್ಲತ್ತಿ. ‘ಟ್ಯಾಂಕ್ ಬಾಜೂಕ ನಿಂತಿದ್ದೆ’ ಅಂತಿದ್ದ, ಅಷ್ಟಽ. ಪ್ಯಾಟನ್ ಅಂದಾವ್ರು ಊರವರು. ಖಾನಾವಳಿಗೆ ಆ ಹೆಸರು ಅಂಟಿಸಿದಾವ್ರೂ ಅವರಽ.”

ಬಸಲಿಂಗವ್ವ ಚೌಕಟ್ಟನ್ನು ಬೆಳಕಿಗೆ ತಿರುಗಿಸಿ ಗಾಲಿಗಳನ್ನು ಒಂದೊಂದಾಗಿ ತಾನೇ ಎಣಿಸಿದಳು. ಒಲೆಯ ಮೇಲಿನ ರೊಟ್ಟಿ ಕರಕಾಗಿ ವೀರಸ್ವರ್ಗ ಸೇರಿತು.

“ಹೌದು,” ಎಂದಳು ಕೊನೆಗೆ. “ಟ್ಯಾಂಕು ಅಂತಽ ಅಂತಿದ್ದ.” ಆಮೇಲೆ, ದುರ್ಗದ ಇತಿಹಾಸದಲ್ಲಿ ಮೊತ್ತಮೊದಲ ಬಾರಿಗೆ: “ಏನ ಬರಸೂಣು, ನೀನಽ ಹೇಳು.”

ಸಕಲ ಭೋಜಕವೃಂದವೂ ಅಗಿಯುವುದನ್ನು ನಿಲ್ಲಿಸಿ ಅವಳತ್ತ ತಿರುಗಿತು. ದಿಕ್ಪಾಲಕರು ಕಿವಿಯಾದರು. ದಾಕ್ಷಾಯಣಿಯು ಉಸಿರೆಳೆದು, ಓಣಿಯ ಆ ತುದಿಗೂ ಕೇಳುವಂತೆ ನುಡಿದಳು:

“ಟ್ಯಾಂಕ್ ಖಾನಾವಳಿ.”

ಮೌಲಾಸಾಬ ಚಿಂದಿಯನ್ನು ಸೀಮೆಎಣ್ಣೆಗೆ ಅದ್ದಿ ‘ಪ್ಯಾ’ದ ತಲೆಯನ್ನಷ್ಟೇ ಒರೆಸಿದ. ಕೆಳಗಿನ ಒತ್ತನ್ನು ಹಾಗೆಯೇ ಉಳಿಸಿಕೊಂಡು ಮೇಲೆ ‘ಟಾ’ ಕೂರಿಸಿ, ಉಳಿದ ಅಕ್ಷರಗಳನ್ನೂ ಬರೆದು ಮುಗಿಸಿದ. ಕೆಂಪಕ್ಷರಗಳು ಇಳಿಬಿಸಿಲಿಗೆ ಥಳಥಳಿಸಿದವು. ಅವಳ ಮಾತು ನಿಂತಿತು. ಬಾಗಿಲ ಮೇಲೆಯೇ, ಅಳಿಸಲಾಗದಂತೆ ನಿಂತಿತು. ಅವಳು ಬೀದಿಗಿಳಿದು ಆ ಎರಡು ಪದಗಳನ್ನು ಮತ್ತೆ ಮತ್ತೆ ಓದಿದಳು.

ಆಗ ಹೆಗಲಿಗೆ ಚೀಲ ಹಾಕಿದ ಪರವೂರಿನ ಪ್ರಯಾಣಿಕನೊಬ್ಬ ಬಂದು, ಅವಳ ಪಕ್ಕದಲ್ಲಿಯೇ ನಿಂತು, ಬೋರ್ಡನ್ನು ಓದಿ, ಅದರ ಹಿಂದೆ ಮನೆಗಳ ಮಾಡುಗಳಾಚೆ ಕಾಲೂರಿ ನಿಂತಿದ್ದ ನಗರಸಭೆಯ ಬೃಹತ್ ನೀರಿನ ಟ್ಯಾಂಕನ್ನು ಕಣ್ಣುತುಂಬ ನೋಡಿ, ತೃಪ್ತನಾಗಿ ತಲೆಯಾಡಿಸಿದ.

“ಗುರ್ತು ಇಟ್ಕೊಳ್ಳಾಕ ಭಾಳ ಚಲೋ ಆತು ನೋಡ್ರಿ. ನೀರಿನ ಟ್ಯಾಂಕಿನ ಮುಂದ ಟ್ಯಾಂಕ್ ಖಾನಾವಳಿ.”

ಒಳಗೆ ರೊಟ್ಟಿಯ ಸದ್ದು ನಿಂತಿತು. “ದಾಕ್ಷಿ!” ಬಸಲಿಂಗವ್ವ ಕೂಗಿದಳು. “ಹೇಳ ಅವಂಗ!”

ಮತ್ತು ದಾಕ್ಷಾಯಣಿ ಹೇಳಿದಳು. ಅವನನ್ನು ಕೂರಿಸಿ, ತಾಟಿಟ್ಟು, ಎಪ್ಪತ್ತೊಂದರ ಸಮರವನ್ನೂ ಅಜ್ಜನ ಬೂಟನ್ನೂ ತೋಪಿನ ಕೊಳವೆಯನ್ನೂ ಸೆರೆಸಿಕ್ಕ ಉಕ್ಕಿನ ರಥದ ವಂಶಾವಳಿಯನ್ನೂ, ಒಂದು ಕ್ರಿಯಾಪದವನ್ನೂ ಬಿಡದೆ, ನಡುವೆ ಯಾರಿಗೂ ಬಾಯಿ ಹಾಕಗೊಡದೆ ಹೇಳಿದಳು. ಆತ ರೊಟ್ಟಿ ಮುರಿಯುತ್ತ ಕಡೆಯ ತನಕ ಕೇಳಿದ.

“ಅಂದ್ರ ಐದ ಗಾಲಿ,” ಎಂದ.

“ಹೌದ್ರಿ. ಐದು.”

“ಬರೋಬ್ಬರಿ,” ಎಂದು ಆತ ತಾಟನ್ನು ಮುಂದಕ್ಕೆ ಸರಿಸಿದ. “ಎಣ್ಣಿಗಾಯಿ ಇನ್ನೊಂದೀಟು ಹಾಕ್ರಿ.”

ಅವಳು ಹಾಕಿದಳು.