ಕಾಕನ ಲಾರಿಯ ಮೊದಲ ಹೊಗೆ

ಗ್ಯಾರೇಜಿನಲ್ಲಿ ಏನಾದರೊಂದು ತಮಾಷೆ ನಡೆಯದ ವಾರವೇ ಇಲ್ಲ. ದುಬೈನ ಅಲ್ ಕೂಝ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಡೀಸೆಲ್ ಎಂಜಿನ್ ಬಿಚ್ಚುತ್ತಿದ್ದೇನೆ. ಎಂಜಿನ್ ಯಾವತ್ತೂ ನನಗೆ ಸುಳ್ಳು ಹೇಳಿದ್ದಿಲ್ಲ. ಗಾಡಿ ತಂದವರು ಅದಕ್ಕೆ ಬಾಯಿ ಬಿಡಲು ಕೊಡುವುದಿಲ್ಲ, ಅಷ್ಟೇ.

ಅದರಲ್ಲೂ ನಮ್ಮ ಬಂಟ್ವಾಳದ ಕಾಕ. ಸಾಮಾನು ಸಾಗಿಸುವ ಹಳೇ ಲಾರಿಯೊಂದರ ಡ್ರೈವರ್. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಆ ಲಾರಿ ಹೊಗೆ ಬಿಡುತ್ತಿತ್ತು. ಅದರ ಮಾಲೀಕರು ಉಡುಪಿ ಕಡೆಯವರು, ದುಬೈನದೇ ಮುರಕ್ಕಬಾತ್‌ನಲ್ಲಿ ಆಫೀಸು. ಫೋನ್ ಮಾಡಿ, "ಸಣ್ಣ ಕೆಲಸವಾದರೆ ಮಾಡಿ ಮಾರಾಯರೇ. ಎಂಜಿನ್ ಇಳಿಸುವುದಾದರೆ ಬೇಡ, ಗುಜರಿಗೆ ಹಾಕುವ" ಎಂದಿದ್ದರು. ಲಾರಿ ಗುಜರಿಗೆ ಹೋದರೆ ಕಾಕನ ವೀಸಾ ಕ್ಯಾನ್ಸಲ್. ಮಗಳ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಪಾಪದ ಮನುಷ್ಯ, ನನಗೂ ಬೇಜಾರಾಗಿತ್ತು.

ಇಂಥ ಹೊಗೆಯ ಗುಟ್ಟೆಲ್ಲ ತಣ್ಣಗಿರುವ ಎಂಜಿನ್‌ನ ಮೊದಲ ಅರ್ಧ ನಿಮಿಷದಲ್ಲಿರುತ್ತದೆ. ನೀಲಿ ಹೊಗೆ ಸ್ವಲ್ಪ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ, ಸಣ್ಣ ಕೆಲಸ. ನಿಲ್ಲದೆ ಬಂದರೆ ಪಿಸ್ಟನ್ ರಿಂಗ್. ಬಿಳಿ ಹೊಗೆ, ಸಿಹಿ ವಾಸನೆ ಬಂದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ಅದರ ಒಳಗೇ ಇಳಿದಿದೆ. ಕೊನೆಯ ಎರಡರಲ್ಲಿ ಯಾವುದೇ ಆದರೂ ಎಂಜಿನ್ ಇಳಿಸಲೇಬೇಕು, ಅಂದರೆ ಲಾರಿಗೆ ಗುಜರಿಯೇ ಗತಿ. ಮಾಲೀಕರಿಗೂ ಇದನ್ನೆಲ್ಲ ಬಿಡಿಸಿ ಹೇಳಿದ್ದೆ.

೧. ಖಾಲಿ ಹೊಗೆ

ಮೊದಲ ದಿನ ಕಾಕ ಲಾರಿ ತಂದು ನಿಲ್ಲಿಸಿದರು. ಎಂಜಿನ್ ಕೆಂಡದಂತೆ ಕಾದಿತ್ತು. ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ನಿಂತೆ. ಒಂದು ಎಳೆ ಹೊಗೆಯೂ ಇಲ್ಲ.

"ಹೊಗೆ ಎಲ್ಲಿ ಕಾಕ?"

"ನಿಮ್ಮ ಗ್ಯಾರೇಜ್ ತುಂಬ ಹೊಗೆ ಆಗುವುದು ಬೇಡ ಅಂತ ಮೂರು ರೌಂಡ್ ಹೊಡೆದು, ಎಲ್ಲ ರಸ್ತೆಯಲ್ಲೇ ಖಾಲಿ ಮಾಡಿ ಬಂದೆ" ಎಂದರು.

೨. ತಂಪು ಕ್ಯಾಬಿನ್

ಸರಿ, ಲಾರಿಯನ್ನು ಒಂದು ರಾತ್ರಿ ನಮ್ಮ ಅಂಗಳದಲ್ಲೇ ಬಿಟ್ಟು ಹೋಗಲು ಹೇಳಿದೆ. "ಬೆಳಿಗ್ಗೆ ಏಳಕ್ಕೆ ನಾನೇ ಬಂದು ಸ್ಟಾರ್ಟ್ ಮಾಡುತ್ತೇನೆ" ಎಂದೂ ಹೇಳಿದ್ದೆ. ಆಗಸ್ಟ್ ತಿಂಗಳು. ಏಳಕ್ಕೆ ಐದು ನಿಮಿಷ ಇರುವಾಗಲೇ ಹೋದರೆ ಲಾರಿ ಗುರ್ರ್ ಎನ್ನುತ್ತಿದೆ, ಕಾಕ ಬಾಗಿಲು ಹಿಡಿದು ನಿಂತಿದ್ದಾರೆ.

ಇಲ್ಲಿ ಯಜಮಾನರು ಬಂದು ಕೂರುವ ಮೊದಲೇ ಗಾಡಿ ತಂಪು ಮಾಡಿಡುವುದು ಡ್ರೈವರುಗಳ ಪದ್ಧತಿ. ನನಗೆ ಅಂಥ ಮರ್ಯಾದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಸಿಕ್ಕಿದ್ದು ಆವತ್ತೇ.

"ಅರ್ಧ ಗಂಟೆಯಿಂದ ಎ.ಸಿ. ಹಾಕಿಟ್ಟಿದ್ದೇನೆ. ನೀವು ಬಿಸಿ ಸೀಟಿನಲ್ಲಿ ಕೂರುವುದಾ, ಛೇ!"

ಬೈಯಲು ಬಾಯಿ ತೆರೆದೆ. ಆದರೆ ಒಳಗೆ ಎಷ್ಟು ತಂಪಾಗಿತ್ತೆಂದರೆ, ಹತ್ತು ನಿಮಿಷ ಕೂತು ಆಮೇಲೆ ಬೈದೆ.

೩. ಕಲಾತ್ಮಕ ವಿಡಿಯೋ

ಮರುದಿನದಿಂದ ಲಾರಿಗೆ ಬಾಡಿಗೆ ಇತ್ತು, ಬಿಟ್ಟುಹೋಗುವ ಹಾಗಿರಲಿಲ್ಲ. "ನಿಲ್ಲಿಸಿದಲ್ಲಿಯೇ ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೊಗೆಯ ವಿಡಿಯೋ ಕಳಿಸಿ. ಬಣ್ಣ ಗೊತ್ತಾದರೆ ಸಾಕು" ಎಂದೆ. ಕಾಕನ ರೂಮಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನೊಬ್ಬ ಇದ್ದ. ತೆಗೆದುಕೊಟ್ಟದ್ದು ಅವನು.

ವಿಡಿಯೋ ಬಂತು. ಲಾರಿ ನಿಧಾನಕ್ಕೆ ಕಾಣಿಸಿಕೊಳ್ಳುತ್ತದೆ, ಹಿಂದೆ ಕೊಳಲು, ಹೊಗೆ ಸ್ಲೋ ಮೋಷನ್‌ನಲ್ಲಿ ಏಳುತ್ತದೆ. ಎಲ್ಲವೂ ಕಪ್ಪು ಬಿಳುಪು!

ಫೋನ್ ಮಾಡಿ ಕೂಗಾಡಿದೆ. ಎಡಿಟರ್ ಸಮಾಧಾನವಾಗಿ ಹೇಳಿದ: "ಹಳೇ ಗಾಡಿ ಅಲ್ವಾ ಸರ್, ಕಲರ್ ಸೂಟ್ ಆಗ್ಲಿಲ್ಲ."

೪. ಸಿಹಿ ವಾಸನೆ

ಅಷ್ಟರಲ್ಲಿ ಮಾಲೀಕರ ತಾಳ್ಮೆ ಮುಗಿದಿತ್ತು. "ಶುಕ್ರವಾರ ನಾನೇ ಬರುತ್ತೇನೆ. ಆವತ್ತು ಗೊತ್ತಾಗದಿದ್ದರೆ ಖಲಾಸ್, ಗುಜರಿ" ಎಂದರು. ಈ ಸಲ ಹಿಂದಿನ ಸಂಜೆಯೇ ಲಾರಿ ತರಿಸಿ, ಬ್ಯಾಟರಿ ವೈರ್ ಬಿಚ್ಚಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಮಾಲೀಕರು ಬಂದು ಸೈಲೆನ್ಸರ್ ಹಿಂದೆ ನಿಂತರು. ಕಾಕ ಹಿಂದಿನ ಚಕ್ರದ ಕಡೆ ಸರಿದು ನಿಂತರು. ವೈರ್ ಜೋಡಿಸಿ, ಸ್ಟಾರ್ಟ್ ಮಾಡಿ ಹಿಂದಕ್ಕೆ ಓಡಿದೆ. ನೀಲಿ ಹೊಗೆ ಬಂತು. ಮನಸ್ಸಿನಲ್ಲೇ ಎಣಿಸುತ್ತಾ ಹೋದೆ. ಇಪ್ಪತ್ತೈದಕ್ಕೆ ಹೊಗೆ ನಿಂತಿತು.

"ವಾಲ್ವ್ ಸೀಲ್! ಸಣ್ಣ ಕೆಲಸ!" ಎಂದು ಕೂಗಿದೆ. ಆ ಲಾರಿ ಬಂದಾಗಿನಿಂದ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಮಾಲೀಕರು ಮೂಗು ಅರಳಿಸಿದರು. "ನಿಲ್ಲಿ. ಎಂತದೋ ಸಿಹಿ ವಾಸನೆ ಉಂಟಲ್ಲ? ಕೂಲೆಂಟ್ ಇಳಿದರೆ ಹೀಗೆ ಅಂತ ನೀವೇ ಹೇಳಿದ್ದು!"

ನಾನೂ ಮೂಸಿದೆ. ಹೌದು, ಸಿಹಿ, ಘಮಘಮ. ಹೊಗೆ ನೀಲಿ, ವಾಸನೆ ಸಿಹಿ, ಇಪ್ಪತ್ತು ವರ್ಷದಲ್ಲಿ ಇಂಥ ಎಂಜಿನ್ ನೋಡಿಲ್ಲ. ಮಾಲೀಕರು ಆಗಲೇ ಗುಜರಿಯವನ ನಂಬರ್ ಹುಡುಕುತ್ತಿದ್ದರು. ನಾನು ನೆಲಕ್ಕೆ ಬಗ್ಗಿ ಲಾರಿಯ ಅಡಿ ನೋಡಿದೆ.

ಹಿಂದಿನ ಚಕ್ರದ ಮರೆಯಲ್ಲಿ, ಸೈಲೆನ್ಸರ್‌ನ ಪಕ್ಕಕ್ಕೇ, ಅರಬರ ಮನೆಗಳಲ್ಲಿ ಅತಿಥಿ ಬಂದಾಗ ಇಡುವಂಥ ಬಖೂರ್ ಧೂಪದ ಪುಟ್ಟ ಬಟ್ಟಲು. ಕೆಂಡ ಇನ್ನೂ ಕೆಂಪಗಿತ್ತು.

"ಕಾಕ! ಇದು ಎಂತ?"

ಕಾಕ ಕೈಕಟ್ಟಿ ನಿಂತು ಹೇಳಿದರು: "ಧಣಿಗಳು ಫಸ್ಟ್ ಟೈಮ್ ಬರುವುದಲ್ಲವಾ. ಅವರ ಮೂಗಿಗೆ ಡೀಸೆಲ್ ವಾಸನೆ ಹೊಡೆಯುವುದು ಬೇಡ ಅಂತ..."

ಮಾಲೀಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಫೋನ್ ಕಿಸೆಗಿಟ್ಟು ನನ್ನ ಕಡೆ ತಿರುಗಿ, "ಸೀಲ್ ಬದಲಾಯಿಸಿ, ಗಾಡಿ ಓಡಲಿ. ಆದರೆ ಕೆಲಸ ಮುಗಿಯುವವರೆಗೆ ಕಾಕನನ್ನು ಅದರ ಹತ್ತಿರ ಬಿಡಬೇಡಿ ಮಾರಾಯರೇ, ಉಪಚಾರ ಮಾಡಿ ಮಾಡಿಯೇ ಅದನ್ನು ಗುಜರಿಗೆ ಕಳಿಸುತ್ತಾರೆ" ಎಂದರು.